ಕುತ್ತಿಗೆಗೆ ನಿಂತ ನವಿಲು

ದೊಡ್ಡಮನೆ ಮ್ಯೂಸಿಯಂನಲ್ಲಿ ದೆವ್ವ ಕೆಮ್ಮಿದ್ದನ್ನು ನೀವು ಕೇಳಿದ್ದರೆ, ಕೆಮ್ಮಿದವನು ನಾನು. ಹೆದರಿ ಪಕ್ಕದವರ ಕೈ ಹಿಡಿದುಕೊಂಡಿದ್ದರೆ ಕ್ಷಮಿಸಿ. ಆಮೇಲೆ ಆ ಕೈ ಬಿಡಲು ಮನಸ್ಸಾಗದೆ ಮದುವೆಯವರೆಗೂ ಹೋಗಿದ್ದರೆ ಊಟಕ್ಕೆ ನನ್ನನ್ನೂ ಕರೆಯಿರಿ. ಆದರೆ ಆ ಕೆಮ್ಮಿನ ಮಾಲೀಕ ನಾನಲ್ಲ. ಅದು ಪಕ್ಕದ ಕೋಣೆಯಲ್ಲಿ, ಮಗ್ಗದ ಗುಂಡಿಯಲ್ಲಿ ಕೂತಿರುತ್ತಿದ್ದ ಒಬ್ಬ ಮುದುಕರದ್ದು. ಅವರು ತೀರಿಕೊಂಡು ಎರಡು ತಿಂಗಳಾಯಿತು. ಆ ಕೆಮ್ಮು ನನಗೆ ಹೇಗೆ ಬಂತು, ಯಾಕೆ ಹೋಯಿತು ಎಂದು ಹೇಳಬೇಕಾದರೆ ಅವರನ್ನೇ ಹೇಳಬೇಕು.

ನಾನು ಚಳ್ಳಕೆರೆಯವನು. ನಮ್ಮಪ್ಪನದು ಕಡ್ಲೆಕಾಯಿ ಎಣ್ಣೆಯ ಅಂಗಡಿ. ನನಗೆ ಚಿಕ್ಕಂದಿನಿಂದ ಒಂದು ರೋಗವಿದೆ. ಯಾರನ್ನು ಕಂಡರೂ ಅವರಂತೆ ಆಗಿಬಿಡುತ್ತೇನೆ. ಗಿರಾಕಿ ಎಣ್ಣೆ ಡಬ್ಬಿ ಹಿಡಿದು ಹೊರಟರೆ ಹಿಂದೆಯೇ ಇನ್ನೊಬ್ಬ ಅದೇ ಗಿರಾಕಿ, ಡಬ್ಬಿಯಿಲ್ಲದೆ, ಅದೇ ಕುಂಟು ಹಾಕುತ್ತಾ ಹೊರಡುತ್ತಿದ್ದ. “ಲೇ, ಊರೋರ ಬಾಯೆಲ್ಲಾ ನಿನಗೈತೆ. ಉಣ್ಣೋಕೆ ಮಾತ್ರ ನಿನ್ನ ಬಾಯಿ” ಎಂದು ಅಪ್ಪ ಬೈಯುತ್ತಿದ್ದರು. ಅವರು ಬೈದ ರೀತಿಯನ್ನು ನಾನು ಅಡುಗೆಮನೆಗೆ ಹೋಗಿ ಅವ್ವನಿಗೆ ಮಾಡಿ ತೋರಿಸುತ್ತಿದ್ದೆ. ಡಿಗ್ರಿ ಮುಗಿದ ಮೇಲೆ ಈ ರೋಗಕ್ಕೆ ಸಂಬಳ ಕೊಡುವ ಜಾಗ ಒಂದೇ ಒಂದು ಸಿಕ್ಕಿತು.

ಮೊಳಕಾಲ್ಮೂರಿನಿಂದ ದೇವಸಮುದ್ರದ ಕಡೆಗೆ ಹೋಗುವ ದಾರಿಯಲ್ಲಿ ಒಂದು ಊರು, ಊರಿನ ನಡುವೆ ಒಂದು ದೊಡ್ಡಮನೆ. ಹಿಂದೆ ಅಲ್ಲಿ ಸಾವ್ಕಾರರ ಮನೆತನವೊಂದು ಬಾಳಿತ್ತು. ಮೊಮ್ಮಕ್ಕಳ ಕಾಲಕ್ಕೆ ಅದು ಒಂದು ಟ್ರಸ್ಟಿನ ಕೈಗೆ ಬಂದು, ಸುಣ್ಣ ಬಳಿಸಿಕೊಂಡು ಮ್ಯೂಸಿಯಂ ಆಯಿತು. ಗೋಡೆ ಎರಡು ಮೊಳ ದಪ್ಪ. ಕಿಟಕಿಗಳು ಅಂಗೈಯಗಲ. ಒಳಗೆ ಕೂತರೆ ಹೊರಗೆ ಬಿಸಿಲಿದೆಯೋ ಮೋಡವಿದೆಯೋ ಗೊತ್ತಾಗುವುದಿಲ್ಲ. ಬಾಗಿಲುಗಳೆಲ್ಲ ಕುಳ್ಳು. ಒಳಗೆ ಬರುವಾಗ ಜನ ನೋಡಿಕೊಂಡು ತಲೆ ಬಗ್ಗಿಸುತ್ತಾರೆ, ಹೋಗುವಾಗ ಮರೆತು ಹೊಡೆಸಿಕೊಳ್ಳುತ್ತಾರೆ. “ಈ ಮನಿ ಬರೋರ ಹತ್ರ ನಮಸ್ಕಾರ ಮಾಡಿಸ್ಕಂತೈತೆ, ಹೋಗೋರಿಗೆ ಹೊಡೀತೈತೆ” ಎಂದು ಆ ಮುದುಕರು ಹೇಳುತ್ತಿದ್ದರು. ನಾನು ಅಲ್ಲಿ ಗೈಡ್. ಮೊದಲ ವಾರದಲ್ಲೇ ನನ್ನ ಹಣೆಗೆ ನಾಲ್ಕು ಸಲ ಬಿತ್ತು. ವಿಭೂತಿ ಹಚ್ಚುವ ಜಾಗವನ್ನು ಪೆಟ್ಟಿಗೆ ಊದಿದ ಬೋರೆ ಆಕ್ರಮಿಸಿಕೊಂಡಿತ್ತು.

ನಾನು ಹೇಳಬೇಕಾಗಿದ್ದ ಕಥೆಯನ್ನು ಮ್ಯಾನೇಜರು ಟೈಪು ಮಾಡಿಸಿ ಕೊಟ್ಟಿದ್ದರು. ಸುಮಾರು ನೂರು ವರ್ಷದ ಹಿಂದೆ ಸಾವ್ಕಾರರ ಹಿರಿಮಗಳಿಗೆ ಮದುವೆ ಗೊತ್ತಾಯಿತು. ಅವಳು ಉಡುವ ಸೀರೆಯ ಚಿತ್ತಾರವನ್ನು ಬೇರೆ ಯಾವ ಮನೆಯ ಹೆಣ್ಣೂ ಉಡಬಾರದು ಎಂಬುದು ಸಾವ್ಕಾರರ ಹಟ. ಅದಕ್ಕಾಗಿ ಮೊಳಕಾಲ್ಮೂರಿನ ಒಬ್ಬ ಒಳ್ಳೆಯ ನೇಕಾರನನ್ನು ಕರೆಸಿ, ಮನೆಯೊಳಗೇ ಗುಂಡಿ ತೋಡಿಸಿ ಮಗ್ಗ ಹೂಡಿಸಿ, ಹೊರಗಿನಿಂದ ಬೀಗ ಹಾಕಿದರು. ಸೀರೆ ಅರ್ಧಕ್ಕೆ ಬಂದಾಗ ನೇಕಾರ ಗುಂಡಿಯಲ್ಲೇ ಪ್ರಾಣ ಬಿಟ್ಟ. ಅಂದಿನಿಂದ ಆ ಕೋಣೆಯಲ್ಲಿ ಲಾಳಿ ಓಡುವ ಸದ್ದು, ನಡುನಡುವೆ ಕೆಮ್ಮು.

ಇಷ್ಟನ್ನು ನಾನು ಕಣಜದ ಕೋಣೆಯಲ್ಲಿ ಹೇಳುತ್ತಿದ್ದೆ. ಕೊನೆಯ ಮಾತಿಗೆ ದೀಪ ಆರಿಸಿ, ಮೂಲೆಯಲ್ಲಿದ್ದ ಎದೆಯೆತ್ತರದ ಮಣ್ಣಿನ ಗುಡಾಣದೊಳಗೆ ತಲೆ ಹಾಕಿ ಕೆಮ್ಮುತ್ತಿದ್ದೆ. ಮೊದಲು ಎರಡು ಸಣ್ಣವು, ನಡುವೆ ಬಾವಿಗೆ ಕೊಡ ಇಳಿಬಿಟ್ಟಂತೆ ಒಂದು ಉದ್ದದ್ದು, ಆಮೇಲೆ ಉಸಿರು ಸಿಕ್ಕದ ಒಂದು ಮೌನ. ಆ ಮೌನಕ್ಕೇ ಜನ ಹೆಚ್ಚು ಹೆದರುತ್ತಿದ್ದರು. ಅವರು ಕಿರುಚಿದ ಕೂಡಲೇ ಪಕ್ಕದ ಬಾಗಿಲು ತೆರೆಯುತ್ತಿದ್ದೆ. ಅಲ್ಲಿ ಟ್ಯೂಬ್‌ಲೈಟಿನ ಕೆಳಗೆ, ಸೊಂಟದಿಂದ ಮೇಲಷ್ಟೇ ನೆಲದಿಂದ ಎದ್ದ ಒಬ್ಬ ಮುದುಕರು ಲಾಳಿ ಹಿಡಿದು ಕಣ್ಣು ಪಿಳಿಪಿಳಿ ಬಿಡುತ್ತಿದ್ದರು. ಜನ ಇನ್ನೊಮ್ಮೆ ಕಿರುಚುತ್ತಿದ್ದರು.

ಆ ಕೋಣೆಯಲ್ಲಿ ಎರಡು ಮಗ್ಗಗಳಿದ್ದವು. ಒಂದು, ಕಥೆಯಲ್ಲಿ ಬರುವ ಹಳೆಯದು. ಗಾಜಿನ ಹಿಂದೆ, ಅರ್ಧ ನೇಯ್ದ ಸೀರೆಯ ಸಮೇತ ಹಾಗೇ ಇತ್ತು. ಇನ್ನೊಂದು, ಜನರಿಗೆ ನೇಯ್ದು ತೋರಿಸಲು ಟ್ರಸ್ಟಿನವರು ಸಿಮೆಂಟಿನ ಗುಂಡಿ ಮಾಡಿ ಹೂಡಿಸಿದ್ದು. ಮುದುಕರ ಕೆಲಸ ಆ ಎರಡನೆಯದರಲ್ಲಿ. ಗುಂಡಿಯಲ್ಲಿ ಕಾಲು ಬಿಟ್ಟು, ಹಲಗೆ ತುಳಿಯುತ್ತಾ, ಹತ್ತು ಗಂಟೆಯಿಂದ ಐದರವರೆಗೆ ಕೂರಬೇಕು. ಮಂಡಿ ಎರಡೂ ಹೋಗಿದ್ದವು. ಇಳಿಯುವುದು ಹೇಗೋ ಇಳಿಯುತ್ತಿದ್ದರು, ಏಳಲು ಆಗುತ್ತಿರಲಿಲ್ಲ. ಮಧ್ಯಾಹ್ನ ಊಟಕ್ಕೊಮ್ಮೆ, ಸಂಜೆ ಮನೆಗೆ ಹೋಗಲೊಮ್ಮೆ, ನಡುವೆ ‘ಹೊರಗಡೆ’ಗೆ ಹೋಗಬೇಕಾದಾಗ ಒಮ್ಮೆ, ನಾನು ಕಂಕುಳಿಗೆ ಕೈ ಹಾಕಿ ಎಳೆಯಬೇಕು.

“ಮೆಲ್ಲಗೆ ಎಳೀಲೇ, ಕಡ್ಲೆ ಗಿಡ ಅಲ್ಲ ನಾನು.”

“ಕಡ್ಲೆ ಗಿಡ ಆಗಿದ್ರೆ ಬೇರಿಗೆ ನಾಕು ಕಾಯಾದ್ರೂ ಸಿಗ್ತಿದ್ವು ಅಜ್ಜ. ನಿಮ್ಮಲ್ಲಿ ಬರೀ ಬೇರೈತೆ.”

“ನಿಮ್ಮಪ್ಪನ ಗಾಣಕ್ಕೆ ಹಾಕು, ಎಣ್ಣೆ ಬರ್ತೈತೋ ನೋಡಾಣ.”

ಗುಂಪು ಒಳಗಿರುವಾಗ ಅವರಿಗೆ ‘ಹೊರಗಡೆ’ ಬಂದರೆ ನನ್ನನ್ನು ಕರೆಯುವಂತಿರಲಿಲ್ಲ. ನಾನು ಆ ಹೊತ್ತಿಗೆ ಅಟ್ಟದ ಮೇಲೆ ಸಾವ್ಕಾರರ ಕತ್ತಿ ತೋರಿಸುತ್ತಿರುತ್ತಿದ್ದೆ. ಅದಕ್ಕೆಂದು ಅವರು ಬೆಳಿಗ್ಗೆಯಿಂದ ನೀರೇ ಕುಡಿಯುತ್ತಿರಲಿಲ್ಲ. ಇದು ನನಗೆ ಗೊತ್ತಾದದ್ದು ಬಹಳ ದಿನದ ಮೇಲೆ, ಅದೂ ಅವರ ಹೆಂಡತಿ ಹೇಳಿ. ಆ ಹೊತ್ತಿಗೆ ನಾನು ಅವರ ಒಣಗಿದ ನಾಲಿಗೆಯ ಚಪ್ಪರಿಕೆಯನ್ನೂ ಮಾಡಿ ಚಪ್ಪಾಳೆ ಗಿಟ್ಟಿಸಿದ್ದೆ.

ಹೌದು, ಅವರನ್ನೂ ನಾನು ಬಿಟ್ಟಿರಲಿಲ್ಲ. ಮ್ಯೂಸಿಯಂನ ಅಂಗಳದಲ್ಲಿ ಚಾ ಕುಡಿಯುವಾಗ ನೆಲದ ಮೇಲೆ ಕೂತು, ಕಾಲನ್ನು ಗುಂಡಿಯಲ್ಲಿದ್ದಂತೆ ಆಡಿಸುತ್ತಾ, ‘ಅಜ್ಜನ ಐಟಂ’ ಮಾಡುತ್ತಿದ್ದೆ. ಲಾಳಿ ಎಸೆಯುವ ಮುಂಚೆ ಒಂದು ಗಳಿಗೆ ತಲೆ ವಾರೆ ಮಾಡಿ ನಿಂತುಬಿಡುವುದು. ಎರಡು ಎಳೆಗೊಮ್ಮೆ ನಾಲಿಗೆಯಲ್ಲಿ ಟಕ್ಕೆನ್ನುವುದು. ಎಡಗೈಯ ಹೆಬ್ಬೆರಳನ್ನು ಸುಮ್ಮಸುಮ್ಮನೆ ಅಂಚಿಗೆ ಸವರುವುದು. ಎಲ್ಲಕ್ಕಿಂತ ಮಿಗಿಲಾಗಿ, ಅವರ ಗೊಣಗಾಟ: “ಎರಡು ಬಿಡು, ಮೂರು ಹಿಡಿ. ಒಂದು ಬಿಡು, ಐದು ಹಿಡಿ. ಬಿಡು ಬಿಡು ಹಿಡಿ.” ತೆಲುಗಿನ ಎರಡು ಮಾತು ನಡುವೆ ಸೇರಿಸಿ, ಜ್ವರ ಬಂದ ಮಂತ್ರವಾದಿಯ ಹಾಗೆ ನಾನದನ್ನು ಒಂದೇ ಉಸಿರಿಗೆ ಒಪ್ಪಿಸುತ್ತಿದ್ದೆ. ಮ್ಯಾನೇಜರೂ ನಗುತ್ತಿದ್ದರು. ಒಳಗಿನಿಂದ ಮುದುಕರ ದನಿ ಬರುತ್ತಿತ್ತು: “ಐದಾದ ಮ್ಯಾಲೆ ಒಂದು ಬಿಡಬೇಕು ಕಣ್ಲೇ! ತಪ್ಪು ಹೇಳಿದ್ರೆ ಕೊಕ್ಕು ಸೊಟ್ಟಗಾಗ್ತೈತೆ.” ಅದೇನು ಕೊಕ್ಕು ಎಂದು ನಾನು ಕೇಳಲಿಲ್ಲ. ತಿದ್ದಿಕೊಂಡು ಮತ್ತೆ ಒಪ್ಪಿಸಿದೆ. ಗೇಲಿ ಮಾಡುವವನಿಗೂ ಒಂದು ನಿಯತ್ತು ಇರಬೇಕಲ್ಲ.

ಕೆಮ್ಮು ಕದ್ದಿದ್ದೂ ಹೀಗೆಯೇ. ಮೊದಮೊದಲು ದೆವ್ವಕ್ಕೆ ನಾನು ನರಳಾಟವೊಂದನ್ನು ಇಟ್ಟುಕೊಂಡಿದ್ದೆ. ಶಾಲೆಯ ಮಕ್ಕಳು ನಕ್ಕುಬಿಟ್ಟರು. ಒಂದು ದಿನ ಮುದುಕರ ಕೆಮ್ಮನ್ನು ಗುಡಾಣದೊಳಗೆ ಬಿಟ್ಟೆ. ಒಬ್ಬ ಮೇಷ್ಟ್ರು ನೆಲಕ್ಕೆ ಕೂತರು. ಅಂದಿನಿಂದ ಅದೇ ಕಾಯಂ. ಸಂಜೆ ಎಳೆಯುವಾಗ ಮುದುಕರು ಹೇಳಿದರು, “ನನ್ನ ಕೆಮ್ಮು ನನಗಿಂತ ಚೆನ್ನಾಗಿ ಕೆಮ್ತೀಯಲ್ಲೋ. ನನಗೆ ರಜಾ ಕೊಡು.” ನಾನು ಹಿಗ್ಗಿದೆ. ಅವರ ಎದೆಯಲ್ಲಿ ಅದು ಕಾಯಿಲೆಯಾಗಿತ್ತು, ನನಗೆ ಐಟಂ ಆಗಿತ್ತು.

ಅವರಿಗೆ ಮಕ್ಕಳೆಂದರೆ ಇಷ್ಟ. ನಾಯಕನಹಟ್ಟಿಯ ಕಡೆಯ ಶಾಲೆಯೊಂದರಿಂದ ಬಂದ ಪುಟ್ಟ ಹುಡುಗಿಯೊಬ್ಬಳು, ಎಲ್ಲರೂ ಕಿರುಚಿ ಹಿಂದೆ ಸರಿದಾಗ, ತಾನೊಬ್ಬಳೇ ಮುಂದೆ ಹೋಗಿ ಅವರ ಮುಂಗೈ ಮುಟ್ಟಿದಳು. “ಮಿಸ್, ಈ ದೆವ್ವ ಬೆಚ್ಚಗೈತೆ!” ಎಂದು ಕೂಗಿದಳು. ಮುದುಕರು ಅಂದು ಮಗ್ಗದ ಮೇಲೆ ಬಗ್ಗಿ ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು, ಆಮೇಲೆ ಕೆಮ್ಮಿದರು. ಮರುದಿನದಿಂದ ಯಾವ ಗುಂಪು ಬಂದರೂ ಮೊದಲು ಕೈ ಚಾಚುವುದೇ ಅವರ ರೂಢಿಯಾಯಿತು. “ಮುಟ್ಟಿ ನೋಡ್ರಪ್ಪಾ, ಬೆಚ್ಚಗಿದೀನಾ?” ಪರೀಕ್ಷೆ ಮುಗಿಯುವವರೆಗೆ ಲಾಳಿ ಮುಟ್ಟುತ್ತಿರಲಿಲ್ಲ.

ಅವರಿಗೆ ಮ್ಯಾನೇಜರ ಒಂದು ಕಟ್ಟಪ್ಪಣೆಯಿತ್ತು: ಸೀರೆ ಮುಗಿಯಬಾರದು. ಮುಗಿದರೆ ತೋರಿಸಲು ಏನಿರುತ್ತದೆ? ಜನ ಬಂದಾಗ ನಾಲ್ಕು ಸಲ ಲಾಳಿ ಎಸೆಯಿರಿ, ಹೋದ ಮೇಲೆ ಸುಮ್ಮನಿರಿ. ಹೀಗೆ ದಿನಕ್ಕೆ ಒಂದು ಬೆರಳಗಲ ಸಾಗಿದರೆ ಹೆಚ್ಚು. ಚಕಚಕನೆ ನೇಯ್ದು ಬದುಕಿದ ಮನುಷ್ಯ ಗುಂಡಿಯಲ್ಲಿ ಕೈಕಟ್ಟಿ, ಎದುರಿನ ಗಾಜಿನೊಳಗಿನ ಹಳೆಯ ಸೀರೆಯನ್ನೇ ನೋಡುತ್ತಾ ಕೂರುತ್ತಿದ್ದರು. ಕಿಟಕಿಯಿಂದ ಅಂಗೈಯಷ್ಟು ಬಿಸಿಲು ಬಂದು, ಮಗ್ಗದ ಮೇಲೆ ನಡೆದು, ಗೋಡೆ ಹತ್ತಿ ಹೋಗುತ್ತಿತ್ತು. “ಅದಕ್ಕೆ ಕಾಲೈತೆ ನೋಡು” ಎನ್ನುತ್ತಿದ್ದರು.

ಅವರ ಸೀರೆಯದೊಂದು ವಿಚಿತ್ರವಿತ್ತು. ಅದು ಶುರುವಾಗಿದ್ದೇ ನವಿಲಿನ ತಲೆಗಳಿಂದ. ಬುಡದಲ್ಲಿ ಸಾಲಾಗಿ ಕೊಕ್ಕು, ಕಣ್ಣು, ಜುಟ್ಟು, ಮೈಯಿಲ್ಲ. ಆಮೇಲಿನ ಸಾಲುಗಳಲ್ಲಿ ಪೂರ್ತಿ ನವಿಲು. ಮೊದಲ ಸಾಲು ಕಂಡ ದಿನ ನಾನು ಬಿಟ್ಟೇನೆಯೇ?

“ಏನಜ್ಜ, ನವಿಲು ನೆಲದಾಗೆ ಹೂತು ಹೋಗ್ಯಾವೆ? ನಿಮ್ಮಂಗೆ ಗುಂಡಿಯಾಗೆ ಕುಂತಾವೇನು?”

“ಹೂಂ. ಎಳೆಯೋಕೆ ನೀನು ಬರ್ಬೇಕು” ಎಂದಷ್ಟೇ ಹೇಳಿದರು.

ಒಂದು ಶನಿವಾರ ನಾನು ಅವರನ್ನು ಮರೆತೆ. ಕೊನೆಯ ಗುಂಪು ದೊಡ್ಡದಿತ್ತು, ನನ್ನ ಮಿಮಿಕ್ರಿಗೆ ಚಪ್ಪಾಳೆ ಜೋರಿತ್ತು. ಅವರನ್ನು ಬಾಗಿಲವರೆಗೆ ಕಳಿಸುತ್ತಾ ಹಾಗೇ ನಾನೂ ಬಸ್ಸು ಹತ್ತಿಬಿಟ್ಟೆ. ಹಾನಗಲ್ ಹತ್ತಿರ ಕಂಡಕ್ಟರು ಹೆಂಗಸರ ಸೀಟಿನಲ್ಲಿ ಕೂತ ಯಾರಿಗೋ “ಏಳ್ರೀ ಯಜಮಾನ್ರೇ, ಏಳ್ರೀ” ಎಂದ. ಗುಂಡಿಯಲ್ಲಿದ್ದ ಮುದುಕರು ನೆನಪಾದರು. ಇಳಿದೆ. ಸಿಕ್ಕಿದ ಬೈಕಿನವರ ಕಾಲು ಹಿಡಿದು ವಾಪಸು ಬಂದು, ಕಾವಲಿನವನ ಮನೆಯಿಂದ ಬೀಗದ ಕೈ ಇಸಿದುಕೊಂಡು ಬಾಗಿಲು ತೆರೆದಾಗ ಹೊತ್ತು ಮುಳುಗುತ್ತಿತ್ತು. ಮೇನ್ ಆಫ್ ಮಾಡಿದ್ದರು. ಕತ್ತಲಲ್ಲಿ ಅವರು ಸೊಂಟದವರೆಗೆ ಕಾಣುತ್ತಿದ್ದರು. ಒಮ್ಮೆಯಲ್ಲ, ವರ್ಷಗಟ್ಟಲೆ ನಾನು ಜನರನ್ನು ಹೆದರಿಸಿದ ಅದೇ ನೋಟ.

“ಬಂದ್ಯಾ?” ಎಂದರು. “ಇನ್ನೊಂದು ಗಳಿಗೆ ಬಿಟ್ಟಿದ್ರೆ ನಾನೇ ಗುಡಾಣದಾಗೆ ತಲೆ ಹಾಕ್ತಿದ್ದೆ.”

ನಾನು ಅಳುಮುಖ ಮಾಡಿ ಕಂಕುಳಿಗೆ ಕೈ ಹಾಕಿದೆ. ಅವರು ನನ್ನ ಕೈ ಹಿಡಿದು ನಿಲ್ಲಿಸಿದರು.

“ತಡಿ. ಇವತ್ತು ಬೀಗ ಬಿದ್ದೈತೆ, ಹೇಳ್ಬಿಡ್ತೀನಿ. ನಮ್ಮ ತಾತನಿಗೂ ಹಿಂಗೇ ಬಿದ್ದಿತ್ತು, ಇದೇ ಕ್ವಾಣೆಯಾಗೆ.”

ಗಾಜಿನೊಳಗಿನ ಆ ಮಗ್ಗದ ನೇಕಾರ, ನಾನು ದಿನಕ್ಕೆ ಆರು ಸಲ ಕೊಲ್ಲುತ್ತಿದ್ದವನು, ಅವರ ತಾತ.

“ಸತ್ತಿದ್ದೇ ಇಲ್ಲ ಕಣೋ. ಅವನು ಸತ್ತದ್ದು ರಾಯದುರ್ಗದಾಗೆ, ಮಂಚದ ಮ್ಯಾಲೆ, ಹೊಟ್ಟೆ ತುಂಬ ಹೋಳಿಗೆ ಉಂಡು. ಆವಾಗ ನಾನೇ ಹತ್ತು ವರ್ಷದೋನು.”

“ಮತ್ತೆ ಇಲ್ಲಿಂದ ಹೆಂಗೆ ಹೋದ್ರು? ಬೀಗ ಇತ್ತಲ್ಲ?”

“ನಡ್ಕಂಡು ಹೋದ.”

ನಡೆದದ್ದು ಹೀಗೆ. ಮೊದಲ ಸೀರೆ ಅರ್ಧವಾಗುವಾಗ ಸಾವ್ಕಾರರಿಗೆ ಕಿರಿಮಗಳಿಗೂ ಒಂದು ಬೇಕೆನಿಸಿತು. ಅದಕ್ಕೆ ಹೊಸ ಹಾಸು ಸಿದ್ಧ ಮಾಡಬೇಕು. ಸೀರೆಯ ಉದ್ದದ ಎಳೆಗಳಿಗೆ ಹಾಸು ಎನ್ನುತ್ತಾರೆ. ಅದನ್ನು ಮಗ್ಗಕ್ಕೆ ಏರಿಸುವ ಮುಂಚೆ ಉದ್ದಕ್ಕೆ ಬಿಗಿದು ಹಿಡಿದು, ಗಂಜಿ ಸವರಿ ಒಣಗಿಸಬೇಕು. ಎಂಥ ದೊಡ್ಡಮನೆಯಾದರೂ ಅದಕ್ಕೆ ಸಾಲುವಷ್ಟು ಉದ್ದದ ಪಡಸಾಲೆ ಇರುವುದಿಲ್ಲ, ಬೀದಿಯೇ ಬೇಕು. ಸಾವ್ಕಾರರು ಒಪ್ಪಿದರು. ಬೆಳಿಗ್ಗೆ ನೇಕಾರನನ್ನು ಬೀದಿಗೆ ಬಿಟ್ಟು, ಕಾವಲಿನ ಇಬ್ಬರನ್ನು ಜೊತೆಗೆ ಕಳಿಸಿದರು. ತಾತ ಆ ಇಬ್ಬರ ಕೈಗೇ ಹಾಸಿನ ಎರಡು ತುದಿಗಳನ್ನು ಕೊಟ್ಟ. “ಬಿಗೀ ಹಿಡೀರಿ. ಬಿಟ್ರೆ ಸಾವ್ಕಾರ್ರ ರೇಷ್ಮೆ ಸಿಕ್ಕಾಗ್ತೈತೆ” ಎಂದ. ಗಂಜಿ ಸವರುತ್ತಾ, ಒಂದು ತುದಿಯಿಂದ ಇನ್ನೊಂದು ತುದಿಗೆ ಬಂದ. ತುದಿ ಮುಗಿದ ಮೇಲೂ ನಡೆಯುತ್ತಲೇ ಇದ್ದ.

“ಕಾವಲಿನೋರು?”

“ಹಿಡ್ಕಂಡು ನಿಂತಿದ್ರು! ಬಿಟ್ರೆ ರೇಷ್ಮೆ ಹೋಗ್ತೈತೆ, ಬಿಡದಿದ್ರೆ ನೇಕಾರ ಹೋಗ್ತಾನೆ. ಇಬ್ರೂ ಬಾಯಿ ಬಿಟ್ಕಂಡು ಕೂಗ್ತಿದ್ರಂತೆ, ಕೈ ಬಿಡ್ಲಿಲ್ಲ.”

ನಾನು ನಗುತ್ತಾ ನೆಲಕ್ಕೆ ಕೂತೆ. ಆ ಇಬ್ಬರನ್ನೂ ಅಲ್ಲೇ ಮಾಡಿ ತೋರಿಸಿದೆ. ಮುದುಕರೂ ನಕ್ಕರು. ಆಮೇಲೆ ಹೇಳಿದರು, “ಓಡಿಹೋದ ಅಂದ್ರೆ ಸಾವ್ಕಾರನ ಮಾನ ಹೋಗ್ತಿತ್ತು. ಸತ್ತ ಅಂದ್ರೆ ನೇಕಾರನ ಪ್ರಾಣ ಮಾತ್ರ ಹೋಗ್ತೈತೆ. ಅದಕ್ಕೇ ಸಾಯಿಸಿದ್ರು. ಸತ್ತೋನು ತಿರುಗಿ ಊರಿಗೆ ಬರೋಕಾಗ್ತೈತಾ? ಕಡೇವರೆಗೂ ಆ ಕಡೇನೇ ಇದ್ದ.”

ಆದರೆ ತಾತ ಒಂದನ್ನು ಬಿಟ್ಟು ಹೋಗಿದ್ದ. ಅವರ ಮನೆತನದಲ್ಲಿ ಮಗ್ಗದ ಮೇಲೆ ಹಾಸು ಬಿಟ್ಟು ಹೋಗಬಾರದು. ಒಬ್ಬ ಬಿಟ್ಟರೆ ಮಗ ಮುಗಿಸಬೇಕು; ಮುಗಿಸಿ ಕೊಯ್ದು ಇಳಿಸುವವರೆಗೆ ಹೋದವನು ಹೋದಂತೆ ಅಲ್ಲ. ತಾತ ಬಿಟ್ಟ ಸೀರೆ ನವಿಲಿನ ಕುತ್ತಿಗೆಗೆ ನಿಂತಿತ್ತು. ಮುಂದಿನ ಚಿತ್ತಾರ ಕಾಗದದಲ್ಲಿಲ್ಲ, ಅವನ ತಲೆಯಲ್ಲಿ. ಮುದಿವಯಸ್ಸಿನಲ್ಲಿ ಅವನು ಮೊಮ್ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು ಎಳೆಯೆಣಿಕೆಯನ್ನು ಬಾಯಿಪಾಠ ಮಾಡಿಸಿದ್ದ. ಎರಡು ಬಿಡು, ಮೂರು ಹಿಡಿ.

ಕತ್ತಲಲ್ಲಿ ನನಗೆ ಗಾಜಿನೊಳಗಿನ ಸೀರೆ ಕಾಣುತ್ತಿರಲಿಲ್ಲ. ಕಾಣಬೇಕಾಗಿಯೂ ಇರಲಿಲ್ಲ. ಅಲ್ಲಿ ತಲೆಯಿಲ್ಲದ ನವಿಲು, ಇಲ್ಲಿ ಮೈಯಿಲ್ಲದ ತಲೆ.

“ಅದರ ರೇಷ್ಮೆ ಮುಟ್ಟಿದ್ರೆ ಪುಡಿಯಾಗ್ತೈತೆ. ಅದಕ್ಕೆ ಅಲ್ಲಿ ಬಿಟ್ಟಿದ್ದನ್ನ ಇಲ್ಲಿ ಮುಂದುವರಿಸ್ತಿದೀನಿ. ಅಲ್ಲಿ ಏಳು ಮೊಳ ಆಗೈತೆ, ಉಳಿದ ಒಂಬತ್ತು ನಂದು. ಮ್ಯಾನೇಜರಿಗೆ ಗೊತ್ತಿಲ್ಲ.”

“ಅವರಿಗೆ ಹೇಳ್ಬೇಕಿತ್ತು ಅಜ್ಜ, ತಾತ ಸತ್ತಿಲ್ಲ ಅಂತ.”

“ಹೇಳಿದ್ದೆ, ಸೇರಿದ ದಿನಾನೇ. ‘ಸತ್ತೋನ್ನ ನೋಡೋಕೆ ಜನ ಬರ್ತಾರೆ, ಓಡಿಹೋದೋನ್ನ ನೋಡೋಕೆ ಯಾರ್ರೀ ಬರ್ತಾರೆ’ ಅಂದ್ರು. ಬಾಯಿ ಮುಚ್ಕಂಡೆ. ಗುಂಡಿ ಬೇಕಿತ್ತಲ್ಲ.” ನನ್ನ ತೋಳು ಹಿಡಿದುಕೊಂಡರು. “ಇದು ಇಳೀದೆ ನಾನು ಹೋದ್ರೆ ನನ್ನೂ ಇಲ್ಲೇ ಕುಂಡ್ರಿಸ್ತಾರೆ. ನೀನೇ ಕೆಮ್ಮಿಸ್ತೀಯ. ಬ್ಯಾಡ ಅನ್ನಲ್ಲ, ಹೊಟ್ಟೆಪಾಡು. ಆದ್ರೆ ನನ್ನ ಇಲ್ಲಿ ಬಿಡಬ್ಯಾಡ ಕಣಪ್ಪಾ.”

ನಾನು ಅವರನ್ನು ಎಳೆದೆ. ಅಂದು ಯಾಕೋ ಗಿಡಕ್ಕಿಂತ ಹಗುರಾಗಿದ್ದರು. ಮರುದಿನ ಆರು ಸಲ ಕೆಮ್ಮಿದೆ. ಅದರ ಮರುದಿನವೂ. ಎಲ್ಲ ಗೊತ್ತಾದ ಮೇಲೂ ಕೆಮ್ಮಿದೆ ಎನ್ನುವುದನ್ನು ಬರೆಯದಿದ್ದರೆ, ಊರಿನವರನ್ನೆಲ್ಲ ಗೇಲಿ ಮಾಡಿ ನನ್ನೊಬ್ಬನನ್ನು ಬಿಟ್ಟಂತಾಗುತ್ತದೆ.

ಮಳೆಗಾಲ ಮುಗಿಯುವ ಹೊತ್ತಿಗೆ ಅವರ ಎದೆ ಕಟ್ಟಿತು. ಹದಿನೈದು ದಿನ ಬರಲಿಲ್ಲ. ಮೊಳಕಾಲ್ಮೂರಿನ ಅವರ ಮನೆಗೆ ನೋಡಲು ಹೋದರೆ ಮಂಚದ ಮೇಲಿನಿಂದಲೇ ಕೈ ಚಾಚಿದರು. “ಮುಟ್ಟಿ ನೋಡು.” ಬೆಚ್ಚಗಲ್ಲ, ಸುಡುತ್ತಿತ್ತು. ನಾನು ನೋಡಿಬಂದ ನಾಲ್ಕನೆಯ ದಿನ ತೀರಿಹೋದರು. ಮಗ್ಗದಲ್ಲಿ ಇನ್ನು ನಾಲ್ಕೇ ಬೆರಳು ಬಾಕಿ. ಸೆರಗಿನ ಕೊನೆಯ ಸಾಲಿನ ನವಿಲುಗಳ ಜುಟ್ಟು, ಅದರಾಚೆಗೆ ಒಂದಿಷ್ಟು ಸಾದಾ.

ಮಣ್ಣು ಮಾಡಿ ಬಂದ ಮೂರನೆಯ ದಿನಕ್ಕೆ ಮ್ಯಾನೇಜರು ನನ್ನನ್ನು ಕರೆದರು. ಹೊಸ ಬೋರ್ಡ್ ಬರೆಸಿ ತಂದಿದ್ದರು: ‘ನೇಯ್ಗೆ ಮುಗಿಸದೆ ಮರೆಯಾದ ಎರಡನೆಯ ನೇಕಾರ.’

“ಮಗ್ಗ ಹಂಗೇ ಇರ್ಲಿ. ಯಾರೂ ಮುಟ್ಟೋದು ಬೇಡ. ಇನ್ಮೇಲೆ ಎರಡು ಕೆಮ್ಮು ಮಾ‌ಡಯ್ಯ, ಒಂದು ತಾತಂದು, ಒಂದು ಇವರದು.”

“ಎರಡನೇದು ಹೆಂಗೆ ಮಾಡ್ಲಿ ಸಾರ್? ಮೊದಲನೇದೇ ಇವರದು” ಎಂದೆ.

ಅವರಿಗೆ ಅರ್ಥವಾಗಲಿಲ್ಲ. ಕೆಟ್ಟ ಮನುಷ್ಯರಲ್ಲ ಅವರು. ಬಾಗಿಲು ಕುಳ್ಳಾಗಿರುವ ಮನೆಯಲ್ಲಿ ಬಹಳ ದಿನ ಇದ್ದವರು, ಅಷ್ಟೇ.

ಸೋಮವಾರ ಮ್ಯೂಸಿಯಂಗೆ ರಜೆ. ನಾನು ಕಾವಲಿನವನಿಂದ ಬೀಗದ ಕೈ ಇಸಿದುಕೊಂಡು, ಮುದುಕರ ಹೆಂಡತಿಯನ್ನು ಕಡ ತಂದ ಬೈಕಿನಲ್ಲಿ ಕೂರಿಸಿಕೊಂಡು ಬಂದೆ. ಆಕೆ ಐವತ್ತು ವರ್ಷ ಗಂಡನ ಲಾಳಿಗೆ ನೂಲು ಸುತ್ತಿಕೊಟ್ಟವರು. ಮಡಿಲಲ್ಲಿ, ಲಾಳಿಯೊಳಗಿಡುವ ನಾಲ್ಕು ಕಂಡಿಕೆ ನೂಲು ಕಟ್ಟಿಕೊಂಡು ಬಂದಿದ್ದರು. ಗುಂಡಿಯ ಅಂಚಿಗೆ ಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ನಿಂಗೆ ನೇಯೋಕೆ ಬರ್ತೈತಾ?”

“ಇಲ್ಲವ್ವ. ಅಜ್ಜನಂಗೆ ಮಾಡೋಕೆ ಬರ್ತೈತೆ.”

“ಒಬ್ಬ ಸಾಯ್ತಾನೆ, ಇನ್ನೊಬ್ಬ ಕೋತಿ ಬರ್ತಾನೆ” ಎಂದು ಗೊಣಗಿ ಮಗ್ಗದ ಪಕ್ಕ ಕೂತರು.

ನಾನು ಇಳಿದೆ. ಸಿಮೆಂಟು ಮಂಡಿಗೆ ಮಂಜುಗಡ್ಡೆಯ ಹಾಗೆ ತಾಗಿತು. ಸೊಂಟದ ಮಟ್ಟಕ್ಕೆ ಜನರ ಚಪ್ಪಲಿ ಓಡಾಡುವ ನೆಲ. ಎದುರಿಗೆ ಗಾಜು. ಇಲ್ಲಿಂದ ನೋಡಿದರೆ ಬಾಗಿಲು ಎಷ್ಟೋ ದೂರ. ಚಾ ಅಂಗಳದಲ್ಲಿ ಮಾಡುತ್ತಿದ್ದಂತೆಯೇ ಶುರು ಮಾಡಿದೆ. ಲಾಳಿ ಎಸೆದೆ, ಎಳೆ ತುಂಡಾಯಿತು. ಇನ್ನೊಮ್ಮೆ, ಮತ್ತೆ ತುಂಡು.

“ಅವರಂಗೆ ಮಾಡ್ತೀನಂದೆ?” ಎಂದರು ಆಕೆ.

ಆಗ ತಲೆಯನ್ನು ವಾರೆ ಮಾಡಿ ಒಂದು ಗಳಿಗೆ ನಿಂತೆ, ಐಟಂನಲ್ಲಿ ಮಾಡುತ್ತಿದ್ದ ಹಾಗೆ. ಹಾಗೆ ವಾರೆ ಮಾಡಿದರೆ ಕಿಟಕಿಯ ಬೆಳಕಿಗೆ ಸಡಿಲವಾದ ಎಳೆಯೊಂದು ಮಿನುಗುತ್ತದೆ. ನಾಲಿಗೆ ಟಕ್ಕೆಂದಿದ್ದು ಕಾಲು ಬದಲಿಸುವ ತಾಳ. ಹೆಬ್ಬೆರಳು ಸವರುತ್ತಿದ್ದದ್ದು ಅಂಚು ಒಳಗೆ ಸೇದಿದೆಯೇ ಎಂದು ನೋಡಲು. ಎರಡು ವರ್ಷ ನಾನು ಗೇಲಿ ಮಾಡಿದ್ದೆಲ್ಲ ಕೆಲಸವಾಗಿತ್ತು. ಒಂದೊಂದಾಗಿ ಅದನ್ನೆಲ್ಲ ಮಾಡಿದೆ. ಎಳೆ ನಿಂತಿತು.

ಜುಟ್ಟಿಗೆ ಬಂದಾಗ ಆಕೆ, “ಎಣಿಕೆ ಅವರ ಜೊತೆಗೇ ಹೋಯ್ತಲ್ಲೋ” ಎಂದು ಕೈ ಚೆಲ್ಲಿದರು. ನನ್ನ ಬಾಯಿ ತಾನಾಗಿ ಶುರುವಾಯಿತು. ಎರಡು ಬಿಡು, ಮೂರು ಹಿಡಿ. ಒಂದು ಬಿಡು, ಐದು ಹಿಡಿ. ಐದಾದ ಮೇಲೆ ಒಂದು ಬಿಡು. ಆಕೆ ಒಂದು ಕ್ಷಣ ನನ್ನ ಬಾಯನ್ನೇ ನೋಡಿದರು. ಆಮೇಲೆ ನಾನು ಹೇಳಿದ ಹಾಗೆ ಎಳೆ ಎತ್ತತೊಡಗಿದರು. ನಾನು ಜ್ವರದ ಮಂತ್ರವಾದಿಯಂತೆ ಒಪ್ಪಿಸಿದ್ದು ರೇಷ್ಮೆಯಲ್ಲಿ ನವಿಲಿನ ಜುಟ್ಟಾಗಿ ನಿಂತಿತು. ನಡುವೆ ಧೂಳಿಗೆ ನನಗೆ ಕೆಮ್ಮು ಬಂತು. ಎರಡು ಸಣ್ಣವು, ಆಮೇಲೆ ಆ ಉದ್ದದ್ದು. ಆಕೆಯ ಕೈ ನಿಂತಿತು.

“ಅದೊಂದು ಬ್ಯಾಡ ಕಣಪ್ಪ. ನೇಯಿ” ಎಂದರು.

ಮೂರು ಸೋಮವಾರ ಹಿಡಿಯಿತು. ಕೊನೆಯ ಸಾದಾ ಭಾಗ ಇರುವೆ ಸಾಲಿನ ಹಾಗೆ ಅತ್ತಿತ್ತ ಹೋಗಿತ್ತು. “ಅವರು ಕುಡಿದೋರಲ್ಲ. ಇದನ್ನ ನೋಡಿದೋರು ಕಡೇಗಾಲದಾಗೆ ಕುಡಿಯೋಕೆ ಕಲ್ತಿದ್ರು ಅಂತಾರೆ” ಎಂದು ಆಕೆ ಬೈದರು. ಕತ್ತರಿ ಕೈಗೆ ಕೊಟ್ಟು, ಮಗ್ಗದ ಕಡೆ ಒಂದು ಗೇಣು ಎಳೆ ಉಳಿಸಿ ಕೊಯ್ಯಲು ಹೇಳಿದರು. ಮುಂದೆ ಯಾರಾದರೂ ನೇಯುವುದಾದರೆ ಹೊಸ ಹಾಸನ್ನು ಆ ತುದಿಗಳಿಗೇ ಹೊಸೆಯಬೇಕಂತೆ; ಮಗ್ಗವನ್ನು ಬರಿದು ಮಾಡಬಾರದು. ಕೊಯ್ದೆ. ಬಿಗಿದಿದ್ದುದೆಲ್ಲ ಒಮ್ಮೆಗೇ ಸಡಿಲವಾಯಿತು. ಆಕೆ ಸೀರೆಯ ಮೊದಲ ತುದಿಯನ್ನು ಗಾಜಿಗೆ ಹಿಡಿದರು. ಕುತ್ತಿಗೆಗಳ ಮೇಲೆ ತಲೆಗಳು ಬಂದು ಕೂತವು. ಸರಿಯಾಗಿ ಅಲ್ಲ, ಹಳೆಯ ರೇಷ್ಮೆ ಕುಗ್ಗಿತ್ತೋ ಏನೋ, ತಲೆಗಳೆಲ್ಲ ಒಂದು ಬೆರಳು ಬಾಗಿಲ ಕಡೆಗೆ ಸರಿದಿದ್ದವು.

“ಎಲ್ಲಾವೂ ಹೊರಗಡೆ ನೋಡ್ತಾವೆ” ಎಂದರು ಆಕೆ.

ನಾನು ಏಳಲು ಹೋದೆ, ಆಗಲಿಲ್ಲ. ಎರಡೂ ಕಾಲು ಜೋಮು ಹಿಡಿದು ನನ್ನವಲ್ಲ ಎನ್ನುತ್ತಿದ್ದವು. ಎಪ್ಪತ್ತರ ಆಕೆ ಕಂಕುಳಿಗೆ ಕೈ ಹಾಕಿ ಎಳೆದರು, ನಾನು ಬೈಸಿಕೊಳ್ಳುತ್ತಾ ಬಂದೆ.

ಮಂಗಳವಾರ ಮ್ಯಾನೇಜರು ಕೊಯ್ದ ಮಗ್ಗವನ್ನೂ, ಅದರ ಮೇಲೆ ಮಡಿಸಿಟ್ಟ ಸೀರೆಯನ್ನೂ ನೋಡಿ ಕೂಗಾಡಿದರು. “ಯಾರು ಮುಟ್ಟಿದ್ದು ಇದನ್ನ?”

“ದೆವ್ವ ಇರ್ಬೇಕು ಸಾರ್.”

ದೆವ್ವ ಇಲ್ಲ ಎಂದು ಅವರು ಹೇಗೆ ಹೇಳಿಯಾರು? ಬೋರ್ಡ್ ಬರೆಸಿದ್ದು ಅವರೇ. ಮುಗಿಸದೆ ಮರೆಯಾದ ಎನ್ನುವ ಬೋರ್ಡು ಮುಗಿದ ಸೀರೆಯ ಪಕ್ಕದಲ್ಲಿ ಸುಳ್ಳಿನಂತೆ ನಿಂತಿತ್ತು. ಅದನ್ನು ತೆಗೆಸಿದರು. “ಕೆಮ್ಮು ಮಾತ್ರ ಬಿಡಂಗಿಲ್ಲ. ನಾನೇ ನಿಂತು ಕೇಳ್ತೀನಿ” ಎಂದು ಅಂದಿನ ಗುಂಪಿನ ಹಿಂದೆಯೇ ಬಂದರು.

ಕಣಜದ ಕೋಣೆಯಲ್ಲಿ ದೀಪ ಆರಿಸಿದೆ. ಟೈಪು ಮಾಡಿದ ಕಥೆ ಬಿಟ್ಟು, ಬೀದಿಯಲ್ಲಿ ಹಾಸು ಚಾಚಿದ್ದನ್ನು ಹೇಳಿದೆ. ತುದಿ ಬಿಡಲಾರದೆ ನಿಂತ ಇಬ್ಬರು ಕಾವಲಿನವರ ದನಿ ಮಾಡಿದೆ, ಜನ ಕತ್ತಲಲ್ಲಿ ಬಿದ್ದು ಬಿದ್ದು ನಕ್ಕರು. ಆಮೇಲೆ ಯಾರೋ ಕೇಳಿದರು, “ದೆವ್ವ ಎಲ್ಲಿ?”

“ನಡ್ಕಂಡು ಹೋಯ್ತು” ಎಂದೆ.

ಅಷ್ಟು ಹೇಳುವುದಕ್ಕೂ ಗಂಟಲಲ್ಲಿ ಕೆರೆತ ಶುರುವಾಯಿತು. ನಾಟಕದ್ದಲ್ಲ, ನಿಜವಾದದ್ದು, ಮೂರು ಸೋಮವಾರದ ಧೂಳು. ಪಕ್ಕದಲ್ಲಿ ಗುಡಾಣ ಬಾಯಿ ತೆರೆದುಕೊಂಡಿತ್ತು. ಕತ್ತಲಲ್ಲಿ ಮ್ಯಾನೇಜರು ಉಸಿರು ಹಿಡಿದು ಕಾಯುತ್ತಿದ್ದರು. ನಾನು ಬಾಯಿಗೆ ಕೈ ಒತ್ತಿ ಹಿಡಿದೆ. ಕಣ್ಣಲ್ಲಿ ನೀರು ಬಂತು. ಬಾಗಿಲು ತೆರೆದು ಜನರನ್ನು ಮಗ್ಗದ ಕೋಣೆ ದಾಟಿಸಿದೆ, ಅಟ್ಟ ಹತ್ತಿಸಿದೆ, ಕತ್ತಿಯನ್ನು ಬೆರಳಲ್ಲಿ ತೋರಿಸಿದೆ, ಮೂಗನಂತೆ. ಮುಖ ಕೆಂಪಾಗಿತ್ತಂತೆ. ಕೊನೆಯವರನ್ನು ಕಳಿಸಿ ಹೊಸಿಲು ದಾಟುವಾಗ ಮನೆ ಎಂದಿನಂತೆ ನನ್ನ ಹಣೆಗೆ ಹೊಡೆಯಿತು.

ಬೀದಿಗೆ ಬಂದು, ಬಿಸಿಲಿನಲ್ಲಿ ನಿಂತು ಕೆಮ್ಮಿದೆ. ಅದು ಯಾರ ಹಾಗೂ ಇರಲಿಲ್ಲ. ನನ್ನದೇ. ಅಷ್ಟೇನೂ ಚೆನ್ನಾಗಿರಲಿಲ್ಲ.